‘ಇತರೆ’ ಎಂದು ಬರೆದ ಪೆಟ್ಟಿಗೆ

ಸಕಲೇಶಪುರ ತಾಲ್ಲೂಕು ಮುಗಿದು ಆಲೂರು ತಾಲ್ಲೂಕು ಶುರುವಾಗುವ ಗಡಿಯ ಹತ್ತಿರ, ಕಾಫಿ ತೋಟದೊಳಗೆ ನಮ್ಮ ದೊಡ್ಡಪ್ಪನ ಮನೆಯಿದೆ. ಆ ಮನೆಯ ಮಹಡಿ ಕೋಣೆಯ ತುಂಬ ಸಿನಿಮಾ ಸಿ.ಡಿ.ಗಳು. ವಿ.ಸಿ.ಡಿ.ಯಾಗಲಿ ಡಿ.ವಿ.ಡಿ.ಯಾಗಲಿ ನಮ್ಮ ಕಡೆ ಎಲ್ಲಕ್ಕೂ ಸಿ.ಡಿ. ಎಂದೇ ಹೆಸರು. ಈ ವರ್ಷ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮಹಡಿಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಡುವುದೆಂದು ತೀರ್ಮಾನಿಸಿದ. ಸಿ.ಡಿ.ಗಳು ಜಾಗ ಖಾಲಿ ಮಾಡಬೇಕಾಯಿತು. ದೊಡ್ಡಪ್ಪ ನನಗೆ ಫೋನ್ ಮಾಡಿದರು: “ನೀನು ಅದೇನೋ ಪಟ್ಟಿಗಳ ಮೇಲೇ ಪಿಎಚ್.ಡಿ. ಮಾಡ್ತಿದ್ದೀಯಂತಲ್ಲವ್ವ. ಬಂದು ಇವಕ್ಕೂ ಒಂದು ಪಟ್ಟಿ ಮಾಡ್ಕೊಡು. ಇಡದು ಯಾವ್ದು, ಎಸೆಯದು ಯಾವ್ದು ಅಂತ ಗೊತ್ತಾಗ್ಲಿ.”

ನನ್ನ ಸಂಶೋಧನೆ ಕನ್ನಡ ಹಸ್ತಪ್ರತಿ ಸೂಚಿಗಳ ಬಗ್ಗೆ. ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಯಾರು, ಯಾವಾಗ, ಯಾವ ಕ್ರಮದಲ್ಲಿ ಪಟ್ಟಿ ಮಾಡಿದರು. ಆ ಪಟ್ಟಿಗಳು ನಮ್ಮ ಸಾಹಿತ್ಯ ಚರಿತ್ರೆಯನ್ನು ಹೇಗೆ ರೂಪಿಸಿದವು ಎಂಬುದು ಅದರ ವಿಷಯ. ನಾಲ್ಕು ದಿನದ ಕೆಲಸ ಎಂದುಕೊಂಡು ಹೋದೆ. ಎರಡು ಸಲ ಹೋಗಿ ಬಂದು ಹತ್ತೊಂಬತ್ತು ದಿನ ಹಿಡಿಯಿತು. ಪಟ್ಟಿ ಮಾಡುವುದು ವಿಮರ್ಶೆಗಿಂತ ಮೊದಲು ಮುಗಿಸಬೇಕಾದ ಗುಮಾಸ್ತಿಕೆ ಎಂದು ನಾವು ತರಗತಿಗಳಲ್ಲಿ ಕಲಿತಿದ್ದೇವೆ. ಆ ಕೋಣೆಯಲ್ಲಿ ಕೂತ ಮೇಲೆ ನನಗೆ ಹಾಗನ್ನಿಸುತ್ತಿಲ್ಲ. ಯಾವುದಕ್ಕೆ ಒಂದು ಕಾಲಂ ಕೊಡುತ್ತೇವೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದರಲ್ಲೇ ತೀರ್ಪು ಆಗಿಹೋಗಿರುತ್ತದೆ. ಸಂಗ್ರಹ ಯಾರದ್ದು, ಸಿನಿಮಾ ಎಂದರೆ ಯಾವುದು, ಉಳಿಯತಕ್ಕದ್ದು ಯಾವುದು ಎಂಬ ಮೂರೂ ಪ್ರಶ್ನೆಗಳಿಗೆ ಪಟ್ಟಿ ಸದ್ದಿಲ್ಲದೆ ಉತ್ತರ ಕೊಟ್ಟಿರುತ್ತದೆ.

ಮೊದಲು ಲೆಕ್ಕ. ಒಟ್ಟು 640 ಶೀರ್ಷಿಕೆ, 1,240 ತಟ್ಟೆ. ಅವುಗಳಲ್ಲಿ 420 ವಿ.ಸಿ.ಡಿ. ಸೆಟ್ಟುಗಳು, 160 ಡಿ.ವಿ.ಡಿ.ಗಳು, ಉಳಿದ 60 ಬರಿಯ ಕಾಗದದ ಕವರಿನಲ್ಲಿದ್ದವು. ಶೀರ್ಷಿಕೆಗಿಂತ ತಟ್ಟೆಗಳ ಸಂಖ್ಯೆ ಇಷ್ಟು ಹೆಚ್ಚಾಗಲು ಕಾರಣವಿದೆ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 74ರಿಂದ 80 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ತಟ್ಟೆ ಬೇಕು, ಕೆಲವಕ್ಕೆ ಮೂರು. ಥಿಯೇಟರಿನಲ್ಲಿ ಒಂದೇ ಇಂಟರ್ವಲ್ ಇದ್ದ ಸಿನಿಮಾಕ್ಕೆ ಮನೆಯಲ್ಲಿ ಎರಡು ಇಂಟರ್ವಲ್ ಬಂದದ್ದು ಹೀಗೆ. ನಮ್ಮ ತಲೆಮಾರಿನವರ ನೆನಪಿನಲ್ಲಿ ಎಷ್ಟೋ ಸಿನಿಮಾಗಳು ತುಂಡಾಗುವುದು ನಿರ್ದೇಶಕ ಬಯಸಿದ ಕಡೆಯಲ್ಲಲ್ಲ, ಎರಡನೇ ತಟ್ಟೆ ಹಾಕಲು ಎದ್ದ ಕಡೆಯಲ್ಲಿ.

ಸಂಗ್ರಹ ಬೆಳೆದ ಬಗೆಯನ್ನೂ ಹೇಳಬೇಕು. ದೊಡ್ಡಪ್ಪ ವಿ.ಸಿ.ಡಿ. ಪ್ಲೇಯರ್ ತಂದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಕಾಫಿ ಬೆಲೆ ನೆಲ ಕಚ್ಚಿದ್ದ ಕಾಲವದು. ಹಾಸನಕ್ಕೆ ಹೋಗಿ ಥಿಯೇಟರಿನಲ್ಲಿ ಸಿನಿಮಾ ನೋಡಿ ಬರುವ ಖರ್ಚು ದುಬಾರಿ ಅನ್ನಿಸಿದಾಗ ಬಾಡಿಗೆ ಸಿ.ಡಿ. ಅಗ್ಗವಾಗಿ ಕಂಡಿತು. ಆಮೇಲೆ 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿತು. ಬಾಡಿಗೆಗೂ ಖರೀದಿಗೂ ಹೆಚ್ಚು ಅಂತರ ಉಳಿಯಲಿಲ್ಲ. ಬಾಡಿಗೆ ಅಂಗಡಿಗಳು ಮುಚ್ಚುವಾಗ ತಮ್ಮಲ್ಲಿದ್ದದ್ದನ್ನು ಕಟ್ಟುಕಟ್ಟಾಗಿ ಮಾರಿದವು. ದೊಡ್ಡಪ್ಪನ ಸಂಗ್ರಹದ ಅರ್ಧ ಬಂದಿದ್ದು ಹಾಗೆ, ಆಯ್ಕೆಯಿಂದಲ್ಲ, ಕಟ್ಟಿನ ಲೆಕ್ಕದಲ್ಲಿ. ಮೋಸರ್ ಬೇರ್ ಕೂಡ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ಕಾಫಿ ಬೆಲೆಯ ಕುಸಿತದಲ್ಲಿ ಹುಟ್ಟಿದ ಒಂದು ಸಂಗ್ರಹ ಇನ್ನೊಂದು ವ್ಯಾಪಾರದ ಕುಸಿತದಲ್ಲಿ ದೊಡ್ಡದಾಯಿತು.

“ಇದೆಲ್ಲ ಫೋನಲ್ಲೇ ಸಿಗುತ್ತೆ” ಎಂಬುದು ಅಣ್ಣನ ವಾದ. ಅವನ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಸಿನಿಮಾ ಉಳಿಸುವುದೇ ಗುರಿಯಾದರೆ ಆ ಕೆಲಸ ಆಗುವ ಜಾಗ ಮಹಡಿ ಕೋಣೆಯಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ನೋಡಲಾಗದ ಸಿನಿಮಾದ ಹುಟ್ಟುಹಬ್ಬವನ್ನು ನಾವು ಪ್ರತಿವರ್ಷ ನೆನೆಯುತ್ತೇವೆ. ಇನ್ನೊಂದು ಕಡೆ, ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸದಾಗಿ ಸಂಸ್ಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಅದು ಸಾಧ್ಯವಾದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ಮೂಲ ನೆಗೆಟಿವ್ ಉಳಿದಿದ್ದರಿಂದ. ವಿ.ಸಿ.ಡಿ.ಯ ಚಿತ್ರ 352×288 ಚುಕ್ಕಿಗಳದ್ದು. ಅಗಲ ಪರದೆಯ ಚಿತ್ರಗಳನ್ನು ಹಳೆಯ ಟಿ.ವಿ.ಯ ಅಳತೆಗೆ ಎರಡೂ ಬದಿ ಕತ್ತರಿಸಿ ಹಾಕಿದ ಎಷ್ಟೋ ಪ್ರತಿಗಳು ಈ ಕೋಣೆಯಲ್ಲೇ ಇವೆ. ಇದನ್ನು ಸಂಗ್ರಹಾಗಾರ ಎಂದು ಕರೆದರೆ ಸಂಗ್ರಹಾಗಾರಗಳಿಗೂ ಅವಮಾನ, ಸಿನಿಮಾಕ್ಕೂ ಅವಮಾನ.

ಹಾಗಿದ್ದರೆ ಇಲ್ಲಿ ಉಳಿದಿರುವುದು ಏನು? ಇದಕ್ಕೆ ಉತ್ತರ ಸಿಕ್ಕಿದ್ದು ನನ್ನ ಮೊದಲ ಪಟ್ಟಿ ಸೋತ ಮೇಲೆ.

ಕವರಿನ ಬಾರ್‌ಕೋಡನ್ನು ಫೋನಿಗೆ ತೋರಿಸಿದರೆ ಸಿನಿಮಾದ ವಿವರವನ್ನೆಲ್ಲ ತುಂಬಿಕೊಡುವ ಒಂದು ಆ್ಯಪ್ ಹಾಕಿಕೊಂಡು ಹೋಗಿದ್ದೆ. ಇಂಗ್ಲಿಷ್ ಡಿ.ವಿ.ಡಿ.ಗಳನ್ನು ಅದು ಪಟಪಟನೆ ಗುರುತಿಸಿತು. ಕನ್ನಡದ ವಿ.ಸಿ.ಡಿ.ಗಳ ಎದುರು ಬಹುಪಾಲು ಸುಮ್ಮನಾಯಿತು. ಹೆಸರನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಿ ಹುಡುಕಿದೆ. ‘ನಾಗರಹಾವು’ ಎಂದರೆ ಯಾವುದು? ಪುಟ್ಟಣ್ಣ ಕಣಗಾಲರು ತ.ರಾ.ಸು. ಕಾದಂಬರಿಗಳಿಂದ ಮಾಡಿದ 1972ರದ್ದೋ, ಉಪೇಂದ್ರ ನಟಿಸಿದ 2002ರದ್ದೋ, 2016ರಲ್ಲಿ ಬಂದದ್ದೋ? ‘ಗಂಧದ ಗುಡಿ’ ಎಂದರೆ 1973ರ ರಾಜ್‌ಕುಮಾರ್ ಚಿತ್ರವೋ 2022ರ ಪುನೀತ್ ಸಾಕ್ಷ್ಯಚಿತ್ರವೋ? ಇದು ಸುಲಭದ ತೊಡಕು. ವರ್ಷ ಮತ್ತು ನಿರ್ದೇಶಕರ ಹೆಸರು ಹಾಕಿದರೆ ಮುಗಿಯಿತು. ‘ಸತ್ಯ ಹರಿಶ್ಚಂದ್ರ’ ಹಾಗಲ್ಲ. 1965ರ ಕಪ್ಪು ಬಿಳುಪಿನ ಆ ಚಿತ್ರಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಹಾಗೇ ಆಯಿತು. ಹೆಸರು ಒಂದೇ, ನಿರ್ದೇಶಕರು ಒಬ್ಬರೇ, ನೋಡುವ ಸಿನಿಮಾ ಬೇರೆ. ಯಾವ ವರ್ಷ ಬರೆಯಬೇಕು?

ಹಸ್ತಪ್ರತಿ ಓದುವವರಿಗೆ ಇದು ಹಳೆಯ ಸಮಸ್ಯೆ. ಪಂಪಭಾರತ ಒಂದು ಕೃತಿ. ಓಲೆಗರಿಯ ಒಂದು ಕಟ್ಟು ಅದರ ಒಂದು ಪ್ರತಿ. ಕೃತಿಯ ವಿವರ ಬೇರೆ, ಪ್ರತಿಯ ವಿವರ ಬೇರೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬಂದವು. ಅದು ಕವಿ ಮತ್ತು ಕೃತಿಗಳ ಚರಿತ್ರೆ. ಹಸ್ತಪ್ರತಿ ಸೂಚಿ ಮಾಡುವುದು ಬೇರೆ ಕೆಲಸ: ಗರಿ ಎಷ್ಟು, ಹುಳ ತಿಂದದ್ದು ಎಲ್ಲಿ, ಕೊನೆಯ ಪುಷ್ಪಿಕೆಯಲ್ಲಿ ಲಿಪಿಕಾರ ಏನು ಬರೆದಿದ್ದಾನೆ ಎಂದು ದಾಖಲಿಸುತ್ತದೆ. ಯಾವ ಸಂವತ್ಸರದಲ್ಲಿ, ಯಾರು ಓದಲೆಂದು ಯಾರು ಬರೆದದ್ದು ಎಂಬುದು ತಿಳಿಯುವುದು ಅಲ್ಲಿಂದ. ಆ್ಯಪ್ ಕೊಡುವುದು ಕವಿಚರಿತೆ. ನನಗೆ ಬೇಕಿದ್ದದ್ದು ಪ್ರತಿಯ ಸೂಚಿ. ಲೋಕದಲ್ಲಿ ಎಲ್ಲ ಕಡೆ ಸಿಗುವ ವಿವರವನ್ನು ಇನ್ನೊಮ್ಮೆ ತುಂಬಿಕೊಂಡು, ಈ ಮನೆಯಲ್ಲಿ ಮಾತ್ರ ಇರುವುದನ್ನು ಬಿಟ್ಟುಬಿಡುವ ಪಟ್ಟಿಯಿಂದ ಏನು ಪ್ರಯೋಜನ?

ಈ ಪ್ರತಿಗಳಿಗೂ ಪುಷ್ಪಿಕೆಗಳಿದ್ದವು. ವಿ.ಸಿ.ಡಿ. ಕವರಿನ ಕಾಗದವನ್ನು ಡಬ್ಬಿಯಿಂದ ಹೊರಗೆಳೆದರೆ ಹಿಂಬದಿಯಲ್ಲಿ ಪೆನ್ಸಿಲ್ ಬರಹ. “ಗೌರಿ ಹಬ್ಬದ ಮಾರನೇ ದಿನ. ಕರೆಂಟು ಹೋಗಿ ಅರ್ಧಕ್ಕೆ ನಿಂತಿತು.” “ಆಳುಗಳೂ ಬಂದಿದ್ದರು, ಒಟ್ಟು ಹದಿನಾಲ್ಕು ಜನ.” “ಎರಡನೇದು ಹಾಕಲು ಬಿಡಲಿಲ್ಲ, ಅತ್ತರು.” ‘ಮುಂಗಾರು ಮಳೆ’ಯ ಹಿಂದೆ: “ನಮ್ಮ ಕಡೆಯ ಮಳೆ, ಆದರೆ ಜಿಗಣೆ ತೋರಿಸಿಲ್ಲ.” 2006ರ ಕೊನೆಯಲ್ಲಿ ಬಂದ ಆ ಸಿನಿಮಾವನ್ನು ಸಕಲೇಶಪುರ, ಮಡಿಕೇರಿಯ ಸುತ್ತಮುತ್ತ ಚಿತ್ರಿಸಿದ್ದರು. ಅದರ ಮೇಲೆ ಬಂದ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ. ಮಲೆನಾಡಿನ ಮಳೆ ಪ್ರೇಮದ ಸಾಮಗ್ರಿಯಾದಾಗ ಅದರಿಂದ ಏನು ಬಿಟ್ಟುಹೋಗುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ಬೇರೆಲ್ಲೂ ಓದಿಲ್ಲ.

ಆ ಅಕ್ಷರ ದೊಡ್ಡಪ್ಪನದಲ್ಲ. ಆರು ವರ್ಷಗಳ ಹಿಂದೆ ತೀರಿಕೊಂಡ ದೊಡ್ಡಮ್ಮನದು. “ನಾನು ದುಡ್ಡು ಕೊಟ್ಟು ತರ್ತಿದ್ದೆ ಅಷ್ಟೆ. ಇದ ತನ್ನಿ, ಅದ ತನ್ನಿ ಅಂತ ಚೀಟಿ ಬರೆದು ಕೊಡ್ತಿದ್ದೋಳು ಅವಳು” ಎಂದರು ದೊಡ್ಡಪ್ಪ. ಊರಿನಲ್ಲಿ, ನೆಂಟರಲ್ಲಿ, ನನ್ನ ಎಕ್ಸೆಲ್ ಹಾಳೆಯ ತಲೆಬರಹದಲ್ಲಿ ಕೂಡ ಅದು ದೊಡ್ಡಪ್ಪನ ಸಂಗ್ರಹವಾಗಿತ್ತು. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ನೆನಪಾಯಿತು. ವೈದೇಹಿಯವರ ಕಥೆಯಿಂದ ಬೆಳೆದ ಆ ಚಿತ್ರದಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ಊರಿನ ಹೆಂಗಸರು ಅಲ್ಲಿ ಸೇರತೊಡಗುತ್ತಾರೆ. ಸಿನಿಮಾ ಥಿಯೇಟರಿನಿಂದ ಮನೆಗೆ ಬಂದಾಗ ಪ್ರೇಕ್ಷಕರ ಗುಂಪೇ ಬದಲಾಯಿತು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಕಂಡ ಕನ್ನಡ ಚಿತ್ರ ಇನ್ನೊಂದಿಲ್ಲವೇನೋ. ಆದರೆ ಆ ಬದಲಾವಣೆಯ ಗುರುತು ನಮ್ಮ ಸಿನಿಮಾ ಚರಿತ್ರೆಗಳಲ್ಲಿ ಎಲ್ಲಿದೆ? ಶತದಿನೋತ್ಸವದ ಲೆಕ್ಕವಿದೆ, ಪ್ರಶಸ್ತಿಗಳ ಲೆಕ್ಕವಿದೆ. ಮಳೆಗಾಲದ ಒಂದು ಮಧ್ಯಾಹ್ನ ಹದಿನಾಲ್ಕು ಜನ ಕೂತು ನೋಡಿದ ಲೆಕ್ಕ ಒಂದು ಕವರಿನ ಹಿಂದೆ ಪೆನ್ಸಿಲ್ಲಿನಲ್ಲಿದೆ.

ಹೀಗಾಗಿ ಎರಡನೇ ಪಟ್ಟಿ ಶುರುವಾಯಿತು. ಮನೆಯಲ್ಲಿ ಇಂಥದ್ದೇ ರಾಶಿ ಇರುವವರಿಗೆ ಉಪಯೋಗವಾಗಬಹುದೆಂದು ಅದರ ಕ್ರಮ ಹೇಳುತ್ತೇನೆ. ಮೊದಲಿಗೆ ಪ್ರತಿ ಸೆಟ್ಟಿಗೂ ಒಂದು ಪರಿಗ್ರಹಣ ಸಂಖ್ಯೆ, 1ರಿಂದ 640. ಅದು ಎಂದೂ ಬದಲಾಗದು, ವಸ್ತು ಕಳೆದುಹೋದರೂ ಇನ್ನೊಂದಕ್ಕೆ ಕೊಡುವಂತಿಲ್ಲ. ಕಪಾಟಿನಲ್ಲಿ ಜೋಡಿಸುವುದೂ ಅದೇ ಕ್ರಮದಲ್ಲಿ. ಅಕಾರಾದಿಯಾಗಿಯೋ ನಾಯಕನಟರ ಹೆಸರಿನಂತೆಯೋ ಜೋಡಿಸಿದರೆ ಹೊಸದೊಂದು ಬಂದಾಗಲೆಲ್ಲ ಇಡೀ ಸಾಲು ಸರಿಯಬೇಕು. ಹುಡುಕುವ ಕೆಲಸವನ್ನು ಪಟ್ಟಿಗೆ ಬಿಟ್ಟರೆ ಸಾಕು. ಶೀರ್ಷಿಕೆ ಕನ್ನಡ ಲಿಪಿಯಲ್ಲಿ. ಸಿನಿಮಾದ ವರ್ಷಕ್ಕೆ ಒಂದು ಕಾಲಂ, ಈ ಪ್ರತಿಯ ವರ್ಷಕ್ಕೆ ಇನ್ನೊಂದು. ಬಣ್ಣವೋ ಕಪ್ಪು ಬಿಳುಪೋ, ಅಂಚು ಕತ್ತರಿಸಿದೆಯೋ, ಎಷ್ಟು ತಟ್ಟೆ, ಯಾವುದು ಓಡುತ್ತದೆ, ಕೊನೆಯದಾಗಿ ಪರೀಕ್ಷಿಸಿದ ದಿನ ಯಾವುದು. ಕೊನೆಗೆ ಕವರಿನ ಬರಹ, ಇದ್ದದ್ದು ಇದ್ದ ಹಾಗೆ.

ಇಡುವ ವಿಷಯಕ್ಕೆ ಬಂದರೆ, ನಮ್ಮ ಹವೆಯೇ ಮೊದಲ ಶತ್ರು. ಅಮೆರಿಕದ ಮಾನಕ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಸಿ.ಡಿ., ಡಿ.ವಿ.ಡಿ.ಗಳಿರಬೇಕಾದ್ದು 20 ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ, ಶೇಕಡಾ 20ರಿಂದ 50ರ ತೇವಾಂಶದಲ್ಲಿ. ಆಷಾಢದಲ್ಲಿ ಸಕಲೇಶಪುರದ ಬೀರುವಿನೊಳಗೆ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಸಿ.ಡಿ.ಗೆ ಬಾರದೇ? ಮಧ್ಯ ಅಮೆರಿಕದ ಬೆಲೀಜ್‌ನಿಂದ ತಂದ ಒಂದು ಸಿ.ಡಿ.ಯನ್ನು ಶಿಲೀಂಧ್ರವೊಂದು ಅಂಚಿನಿಂದ ಒಳಹೊಕ್ಕು, ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ಹಾಳುಮಾಡಿದ್ದನ್ನು ಮ್ಯಾಡ್ರಿಡ್‌ನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ನಮ್ಮಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಹೆಚ್ಚಿನ ಬೂಷ್ಟು ಮೇಲ್ಮೈಯದ್ದು. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಹೋಯಿತು. ಗ್ರಾಮಫೋನ್ ತಟ್ಟೆಯ ಅಭ್ಯಾಸದಲ್ಲಿ ಸುತ್ತಲೂ ಒರೆಸಿದರೆ ಗೀರು ಓದುವ ದಾರಿಯುದ್ದಕ್ಕೂ ಬೀಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮೆಲ್ಲರಲ್ಲೂ ಇತ್ತು. ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಚಿತ್ರವಿರುವ ಮೇಲ್ಬದಿಯನ್ನು ಹೇಗೆಂದರೆ ಹಾಗೆ ಇಡುತ್ತಿದ್ದೆವು. ಸಿ.ಡಿ.ಯಲ್ಲಿ ಮಾಹಿತಿಯ ಪದರವಿರುವುದು ಮೇಲ್ಬದಿಗೆ ಅಂಟಿಕೊಂಡಂತೆ, ತೆಳ್ಳನೆಯ ಮೆರುಗೆಣ್ಣೆಯ ಅಡಿಯಲ್ಲಿ. ಕೆಳಗಿನ ಬದಿಗೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದದ್ದು, ಅಂಗಡಿಯವರು ಅಂಟಿಸಿದ ಚೀಟಿಯನ್ನು ಕಿತ್ತದ್ದು, ಇವೇ ಹೆಚ್ಚಿನ ಸಾವುಗಳಿಗೆ ಕಾರಣ. ಡಿ.ವಿ.ಡಿ.ಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ಕುಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ.

ದೊಡ್ಡಪ್ಪ ಕೆಲವು ಪೆಟ್ಟಿಗೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಏಲಕ್ಕಿಗೂ ಬೀಜದ ಕಾಳಿಗೂ ಒಪ್ಪುವ ಆ ಬೆಚ್ಚನೆಯ ಹೊಗೆ ತಟ್ಟೆಗಳಿಗೆ ಒಪ್ಪಲಿಲ್ಲ, ಜಿಡ್ಡು ಹಿಡಿಯಿತು. ಈಗ ಎಲ್ಲವೂ ಕೆಳಗಿನ ಒಳಕೋಣೆಯ ಮರದ ಬೀರುವಿನಲ್ಲಿವೆ. ಡಬ್ಬಿಗಳನ್ನು ಪುಸ್ತಕದಂತೆ ನಿಲ್ಲಿಸಿದರೆ ಒಟ್ಟು ಉದ್ದ ಆರೂವರೆ ಮೀಟರಿನಷ್ಟಾಯಿತು, ಎರಡೇ ಸಾಲು. ಒಂದಿಡೀ ಕೋಣೆ ಬೇಕು ಎಂದು ಎಲ್ಲರೂ ತಿಳಿದಿದ್ದು ಅವು ರಾಶಿಯಾಗಿ ಬಿದ್ದಿದ್ದರಿಂದ. ಬೀರುವಿನಲ್ಲಿ ಸಿಲಿಕಾ ಜೆಲ್ ಪುಡಿಕೆಗಳಿವೆ. ಅವುಗಳ ಬಣ್ಣ ತಿರುಗಿದಾಗ ಬಿಸಿಮಾಡಿ ಮತ್ತೆ ಇಡುವ ಕೆಲಸವನ್ನು ದೊಡ್ಡಪ್ಪ ಒಪ್ಪಿಕೊಂಡಿದ್ದಾರೆ.

ಇನ್ನು ಆ 60 ತಟ್ಟೆಗಳು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಇದ್ದವು, ಮೇಲೆ ಅಣ್ಣನ ಅಕ್ಷರದಲ್ಲಿ ‘ಇತರೆ’ ಎಂದಿತ್ತು. ಮದುವೆ, ಗೃಹಪ್ರವೇಶ, ಊರ ದೇವರ ಸುಗ್ಗಿ, ಒಂದು ಯಕ್ಷಗಾನ. ನನ್ನ ಮೊದಲ ಪಟ್ಟಿಯಲ್ಲೂ ಅವು ಕೊನೆಯ ಸಾಲಿನಲ್ಲಿ ‘ಇತರೆ, 60’ ಎಂದಿದ್ದವು. ನಾನು ಕೂಡ ಬಿಡಿಸಿ ಬರೆದಿರಲಿಲ್ಲ. ಈಗ ನೋಡಿದರೆ ನಾಚಿಕೆಯಾಗುತ್ತದೆ. ಅಂಗಡಿಯಿಂದ ಬಂದ ತಟ್ಟೆ ಕಾರ್ಖಾನೆಯಲ್ಲಿ ಅಚ್ಚಾದದ್ದು, ಅದರ ಸಾವಿರಾರು ಜೊತೆಗಾರರು ಎಲ್ಲೆಲ್ಲೋ ಇರುತ್ತಾರೆ. ಸ್ಟುಡಿಯೋದವರು ಬರೆದುಕೊಟ್ಟ ತಟ್ಟೆಯಲ್ಲಿ ಮಾಹಿತಿ ಕೂತಿರುವುದು ಬೆಳಕಿಗೆ, ಬಿಸಿಗೆ ಮಾಸುವ ಒಂದು ಬಣ್ಣದ ಪದರದಲ್ಲಿ. ಎಲ್ಲಕ್ಕಿಂತ ಬೇಗ ಸಾಯುವುದೂ ಅದೇ, ಲೋಕದಲ್ಲಿ ಒಂದೇ ಪ್ರತಿ ಇರುವುದೂ ಅದೇ. ಫೋನಿನಲ್ಲಿ ಸಿಗುವ 580 ಶೀರ್ಷಿಕೆಗಳಿಗೆ ಹತ್ತು ಕಾಲಂ ಬರೆದು, ಎಲ್ಲಿಯೂ ಸಿಗದ 60ಕ್ಕೆ ಒಂದು ಪದ ಬರೆದಿದ್ದೆ. ಸಾಹಿತ್ಯ ಚರಿತ್ರೆಗಳ ‘ಇತರ ಕವಿಗಳು’ ಎಂಬ ಕೊನೆಯ ಅಧ್ಯಾಯವನ್ನು ನನ್ನ ಪ್ರಬಂಧದಲ್ಲಿ ಟೀಕಿಸಿ ಬರೆದವಳು ನಾನೇ.

ಅವತ್ತೇ ಅವುಗಳನ್ನು ನಕಲು ಮಾಡಲು ಕೂತೆ. ಮೂರು ಡ್ರೈವುಗಳಲ್ಲಿ ಹಾಕಿ ನೋಡಿದರೂ ಹನ್ನೊಂದು ತಟ್ಟೆಗಳು ಏಳಲಿಲ್ಲ. ಉಳಿದ ನಲವತ್ತೊಂಬತ್ತು ಒಟ್ಟು 30 ಜಿ.ಬಿ.ಯಷ್ಟಾದವು, ಉಗುರಿನಗಲದ ಕಾರ್ಡಿನಲ್ಲಿ ಹಿಡಿಸುವಷ್ಟು. ಮೂರು ಪ್ರತಿ ಮಾಡಿ ಒಂದನ್ನು ಆ ಮನೆಯಲ್ಲಿ, ಒಂದನ್ನು ನನ್ನ ಹತ್ತಿರ, ಒಂದನ್ನು ಬೆಂಗಳೂರಿನ ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ.

ನಾನು ಮುಖ್ಯವಾಗಿ ಹುಡುಕುತ್ತಿದ್ದದ್ದು 2004ರ ಒಂದು ಮದುವೆಯ ತಟ್ಟೆ. ದೊಡ್ಡಮ್ಮ ಮತ್ತು ಅವರ ಜೊತೆಯವರು ಚಪ್ಪರದಡಿ ಸೋಬಾನೆ ಹೇಳಿದ್ದು ಅದರಲ್ಲಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಓಡಿತು. ಹೆಂಗಸರು ಕಾಣಿಸಿದರು, ಬಾಯಿ ಆಡುತ್ತಿತ್ತು, ಕೇಳಿಸುತ್ತಿದ್ದದ್ದು ಒಂದು ಸಿನಿಮಾ ಹಾಡು. ಆ ಕಾಲದ ಮದುವೆ ವಿಡಿಯೋಗಳಲ್ಲಿ ಎಡಿಟಿಂಗ್ ಎಂದರೆ ಅದೇ: ಮೂಲದ ಸದ್ದು ತೆಗೆದು ಸಿನಿಮಾ ಹಾಡು ಕೂರಿಸುವುದು. ಅದಕ್ಕೆ ಹೆಚ್ಚು ದುಡ್ಡು ಕೊಡುತ್ತಿದ್ದೆವು. ಸಿನಿಮಾ ಮನೆಗೆ ಬಂದದ್ದು ನೋಡುವ ಸುಖವಾಗಿ ಮಾತ್ರವಲ್ಲ, ನಮ್ಮ ದನಿಯ ಮೇಲೆ ಹೊದಿಸಿದ ಹೊದಿಕೆಯಾಗಿ ಕೂಡ. ಸಿ.ಡಿ. ಸಂಗ್ರಹದ ಬಗ್ಗೆ ಅಕ್ಕರೆಯಿಂದ ಬರೆಯುವಾಗ ಇದನ್ನೂ ಬರೆಯಬೇಕು. ಹಾಳಾದ ಹನ್ನೊಂದು ತಟ್ಟೆಗಳಿಗೆ ಬೂಷ್ಟು ಕಾರಣವಿರಬಹುದು, ಈ ಒಂದಕ್ಕೆ ಕಾರಣ ನಮ್ಮ ಅಭಿರುಚಿ.

ಸುಗ್ಗಿಯ ತಟ್ಟೆಗೆ ಎಡಿಟಿಂಗ್ ಮಾಡಿಸಲು ಯಾರೂ ದುಡ್ಡು ಕೊಟ್ಟಿರಲಿಲ್ಲ. ಕ್ಯಾಮೆರಾ ಅಲ್ಲಾಡುತ್ತದೆ, ಅರ್ಧ ಹೊತ್ತು ಬರೀ ನೆಲ ಕಾಣುತ್ತದೆ. ಆದರೆ ವಾದ್ಯದ ಸದ್ದು, ಬೈಗುಳ, ನಗು, ಯಾರೋ ದೊಡ್ಡಮ್ಮನನ್ನು ಕೂಗಿದ್ದು, ಅವರು ಓಗೊಟ್ಟಿದ್ದು ಎಲ್ಲ ಇದೆ. ದೊಡ್ಡಪ್ಪ ಅದನ್ನು ಎರಡು ಸಲ ನೋಡಿ, “ಇದನ್ನೂ ನಂಬರ್ ಹಾಕಿ ಬರ್ಕೊಂಡ್ಯಾ?” ಎಂದು ಕೇಳಿದರು. ಬರೆದುಕೊಂಡೆ. ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ: ‘ಸದ್ದು: ಮೂಲದ್ದು / ಹಾಕಿದ್ದು’.

ಕೋಣೆ ಖಾಲಿಯಾಗಿ ಹೋಂಸ್ಟೇಗೆ ಸಿದ್ಧವಾಗಿದೆ. ಒಂದೇ ಸಿನಿಮಾದ ಎರಡೆರಡು ಪ್ರತಿಗಳು, ಓಡದ ಮತ್ತು ಕವರಿನಲ್ಲಿ ಬರಹವೂ ಇಲ್ಲದ ತಟ್ಟೆಗಳು ಗುಜರಿಗೆ ಹೋದವು, ಕಷ್ಟದ ಮಾತೇನಲ್ಲ. ಏಳದ ಹನ್ನೊಂದನ್ನು ಎಸೆದಿಲ್ಲ. ಇನ್ನೊಂದು ಹಳೆಯ ಡ್ರೈವ್ ಸಿಕ್ಕರೆ ಮತ್ತೆ ಹಾಕಿ ನೋಡಬೇಕು. ಪಟ್ಟಿಯಲ್ಲಿ ಅವುಗಳ ಎದುರು ‘ಹಾಳಾಗಿದೆ’ ಎಂದು ಬರೆದಿಲ್ಲ, ‘ಇನ್ನೂ ಓದಿಲ್ಲ’ ಎಂದು ಬರೆದಿದ್ದೇನೆ.